ತೋಟ ಮಾಡುತ್ತಿದ್ದ ಹುಡುಗ ಯುದ್ಧವಿಮಾನ ಯಾಕೆ ಹತ್ತಿದ?

ಮೊದಲ ಮಹಾಯುದ್ಧದ ಬ್ರಿಟಿಷ್ ಯುದ್ಧವಿಮಾನ ಪೈಲಟ್ ಆಲ್ಬರ್ಟ್ ಬಾಲ್ ಬಗ್ಗೆ ಎಲ್ಲೇ ಮಾತಾಡಿದರೂ ಕೊನೆಗೆ ಇದೇ ಪ್ರಶ್ನೆ ಬರುತ್ತದೆ. "ಬೀಜ ಹಾಕಿ ನೀರೆರೆಯುವ ಹುಡುಗ ಅಷ್ಟೊಂದು ಜನರನ್ನು ಹೇಗೆ ಹೊಡೆದು ಬೀಳಿಸಿದ?" ಕೇಳುವವರಲ್ಲಿ ಜಾಸ್ತಿ ಜನ ನನ್ನ ಹಾಗೇ ಕೈತೋಟದ ಹುಚ್ಚಿನವರು. ತೋಟದ ಕಥೆ ಸುಳ್ಳಿರಬೇಕು, ಇಲ್ಲದಿದ್ದರೆ ಅವನ ಎದೆ ಕಲ್ಲಾಗಿರಬೇಕು ಅಂತ ಅವರ ಗುಮಾನಿ. ಎರಡೂ ಅಲ್ಲ ಅಂತ ನಾನು ಹೇಳುತ್ತೇನೆ.

ಬಾಲ್ ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ನವನು. ಹುಟ್ಟಿದ್ದು 1896ರ ಆಗಸ್ಟ್ 14ರಂದು. ಅಪ್ಪ ನಲ್ಲಿ-ಪೈಪಿನ ಕೆಲಸದಿಂದ ಶುರು ಮಾಡಿ ಊರಿನ ಮೇಯರ್ ಆದವರು. ಮಗನಿಗೆ ಯಂತ್ರಗಳ ಗೀಳು. 1914ರಲ್ಲಿ ಮೊದಲ ಮಹಾಯುದ್ಧ ಶುರುವಾದ ಕೂಡಲೇ ಕಾಲಾಳು ಪಡೆ ಸೇರಿದ. ಮರುವರ್ಷ ಲಂಡನ್ ಹತ್ತಿರದ ಹೆಂಡನ್‌ನಲ್ಲಿ ಸ್ವಂತ ದುಡ್ಡು ಕಟ್ಟಿ ವಿಮಾನ ಕಲಿತ. ಬೆಳಗಿನ ಕವಾಯತಿಗೆ ಮುಂಚೆ, ಇನ್ನೂ ಕತ್ತಲಿರುವಾಗಲೇ ಎದ್ದು ಮೋಟಾರ್‌ಬೈಕ್ ಏರಿ ಹೋಗುತ್ತಿದ್ದ. 1916ರ ಫೆಬ್ರವರಿಯಲ್ಲಿ ಫ್ರಾನ್ಸಿನಲ್ಲಿದ್ದ.

ತೋಟದ ಕಥೆ ಬರುವುದು ಇಲ್ಲಿಂದ. ಆ ವರ್ಷದ ಮೇ ತಿಂಗಳಲ್ಲಿ ಅವನನ್ನು ಸಾವಿ ಅನ್ನುವ ಕಡೆ ಇದ್ದ 11ನೇ ಸ್ಕ್ವಾಡ್ರನ್‌ಗೆ (ವಿಮಾನ ತುಕಡಿಗೆ) ಹಾಕಿದರು. ಊರೊಳಗೆ ಕೊಟ್ಟ ಕೋಣೆ ಅವನಿಗೆ ಹಿಡಿಸಲಿಲ್ಲ. ಕೊಳಕು, ದೂರ ಬೇರೆ. ವಿಮಾನಗಳು ನಿಲ್ಲುವ ಜಾಗದ ಪಕ್ಕದಲ್ಲೇ ಮೊದಲು ಟೆಂಟ್ ಹಾಕಿಕೊಂಡ, ಆಮೇಲೆ ಹಲಗೆ ಜೋಡಿಸಿ ಗುಡಿಸಲು ಕಟ್ಟಿಕೊಂಡ. ಸುತ್ತ ನೆಲ ಅಗೆದು ಮಡಿ ಮಾಡಿದ. ತರಕಾರಿ ಬೀಜ, ಹೂವಿನ ಬೀಜ ಕಳಿಸಿ ಅಂತ ಮನೆಗೆ ಕಾಗದ ಬರೆದ. ಹಾರಿ ಬಂದ ಮೇಲೆ ಬೇರೆ ಪೈಲಟ್‌ಗಳು ಕುಡಿಯಲು, ಇಸ್ಪೀಟಾಡಲು ಹೋದರೆ ಇವನು ತೋಟದಲ್ಲಿ. ಇಲ್ಲವೇ ತನ್ನ ಎಂಜಿನ್ನು, ಬಂದೂಕುಗಳನ್ನು ತಾನೇ ಬಿಚ್ಚಿ ಸರಿಮಾಡುತ್ತಾ ಕೂತಿರುತ್ತಿದ್ದ. ರಾತ್ರಿ ಪಿಟೀಲು. ಕೆಂಪು ಬೆಳಕಿನ ಮತಾಪು ಹಚ್ಚಿ, ಪೈಜಾಮದಲ್ಲೇ ಅದರ ಸುತ್ತ ತಿರುಗುತ್ತಾ ಬಾರಿಸುತ್ತಿದ್ದನಂತೆ. ಜೊತೆಯವರಿಗೆ ಇವನೊಬ್ಬ ವಿಚಿತ್ರ ಪ್ರಾಣಿ ಅನಿಸಿದ್ದರೆ ಆಶ್ಚರ್ಯವಿಲ್ಲ.

ಈಗ ಆಕಾಶದಲ್ಲಿ ಅವನು ಹೇಗಿದ್ದ ನೋಡಿ. ಒಂಟಿಯಾಗಿ ಹಾರುವುದೇ ಇಷ್ಟ. ಟೊಪ್ಪಿಗೆ, ಕನ್ನಡಕ ಬೇಡ, ತಲೆಗೂದಲಿಗೆ ಗಾಳಿ ಬಡಿಯಬೇಕು. ಅವನ ನ್ಯೂಪೋರ್ಟ್ ವಿಮಾನದಲ್ಲಿ ಲೂಯಿಸ್ ಗನ್ ಅನ್ನುವ ಮೆಷಿನ್ ಗನ್ ಇದ್ದದ್ದು ಮೇಲಿನ ರೆಕ್ಕೆಯ ಮೇಲೆ. ಅದನ್ನು ಬಾಗಿದ ಕಂಬಿಯ ಮೇಲೆ ಕೆಳಗೆ ಜಾರಿಸಿದರೆ ಮೂತಿ ಮೇಲಕ್ಕೆ ತಿರುಗುತ್ತಿತ್ತು. ಶತ್ರು ವಿಮಾನದ ಹೊಟ್ಟೆಯ ಕೆಳಗೆ ತೀರಾ ಹತ್ತಿರ ಹೋಗಿ, ಒಂದು ಕೈಯಲ್ಲಿ ವಿಮಾನ ಹಿಡಿದು, ಇನ್ನೊಂದು ಕೈಯಲ್ಲಿ ಹೊಡೆಯುತ್ತಿದ್ದ. ಅಲ್ಲಿ ಕೈ ನಡುಗಬಾರದು, ಅವಸರ ಮಾಡಬಾರದು.

ನನಗೆ ಇದರಲ್ಲಿ ಇಬ್ಬರು ಹುಡುಗರು ಕಾಣುವುದಿಲ್ಲ. ಒಬ್ಬನೇ ಇರಬೇಕು, ಕೆಲಸ ಬೇರೆಯವರ ಕೈಗೆ ಬಿಡಬಾರದು, ಹತ್ತಿರ ಹೋಗಿ ನೋಡಬೇಕು ಅನ್ನುವ ಒಂದೇ ಸ್ವಭಾವ. ಅದು ಮಡಿಗೂ ಬಂತು, ಬಂದೂಕಿಗೂ ಬಂತು. ಪ್ರಕೃತಿ ಪ್ರೀತಿಸುವವರು ಮೃದು ಅನ್ನುವುದು ನಾವು ತೋಟದವರು ನಮಗೆ ನಾವೇ ಹೇಳಿಕೊಳ್ಳುವ ಹೊಗಳಿಕೆ ಅಷ್ಟೇ. ಕಳೆ ಕೀಳುವಾಗ ನಮ್ಮ ಮುಖ ಹೇಗಿರುತ್ತದೆ ಅಂತ ಯಾರಾದರೂ ಫೋಟೋ ತೆಗೆಯಬೇಕು.

ಹಾಗಂತ ಕೊಲ್ಲುವುದು ಅವನಿಗೆ ತಾಕಲಿಲ್ಲ ಅಂತಲ್ಲ. ಜರ್ಮನರ ಮೇಲೆ ನನಗೆ ದ್ವೇಷವಿಲ್ಲ, ಅವರು ಬೀಳುವುದನ್ನು ನೋಡಿದರೆ ಸಂಕಟವಾಗುತ್ತದೆ, ಆದರೆ ಅವರು ಇಲ್ಲವೇ ನಾನು ಅಂತ ಮನೆಗೆ ಬರೆದ. ಕೊಲ್ಲುವುದಕ್ಕೆಂದೇ ಬದುಕಿ ಸುಸ್ತಾಗಿದೆ, ನಾನೊಬ್ಬ ಕೊಲೆಗಾರ ಅನಿಸತೊಡಗಿದೆ ಅಂತಲೂ ಬರೆದ. ಅದೇ ಹುಡುಗ ತಾನು ಬೀಳಿಸಿದ ವಿಮಾನಗಳ ಎಣಿಕೆಯನ್ನು ಬೇರೆ ದೇಶದ ದೊಡ್ಡ ಪೈಲಟ್‌ಗಳ ಎಣಿಕೆಯ ಜೊತೆ ಹೋಲಿಸುತ್ತಲೂ ಇದ್ದ. ಮೊದಲಿನ ಮಾತು ಎತ್ತಿ ಹೇಳುವವರು ಎರಡನೆಯದನ್ನು ಸಾಮಾನ್ಯವಾಗಿ ಬಿಟ್ಟುಬಿಡುತ್ತಾರೆ. ಬಿಡಬಾರದು.

ತೋಟ ಅವನ ದಣಿವು ಕಳೆಯಿತು ಅಂತ ಹೇಳುವುದೂ ಕಷ್ಟ. 1916ರ ಜುಲೈನಲ್ಲಿ ಸ್ವಲ್ಪ ವಿಶ್ರಾಂತಿ ಕೊಡಿ ಅಂತ ಕೇಳಿದ. ಮೇಲಧಿಕಾರಿಗಳು ಕೊಟ್ಟದ್ದು ವರ್ಗ. ನಿಧಾನದ ಬೇಹುಗಾರಿಕೆ ವಿಮಾನಗಳಿದ್ದ 8ನೇ ಸ್ಕ್ವಾಡ್ರನ್‌ಗೆ ಕಳಿಸಿದರು. ಹಳೆಯ ಜಾಗಕ್ಕೆ ವಾಪಸ್ ಬಂದದ್ದು ತನ್ನ 20ನೇ ಹುಟ್ಟುಹಬ್ಬದ ದಿನ. ಅಕ್ಟೋಬರ್‌ನಲ್ಲಿ ಇಂಗ್ಲೆಂಡಿಗೆ ಕಳಿಸಿದಾಗ ಊರೆಲ್ಲ ಮೆರವಣಿಗೆ, ಹೊಗಳಿಕೆ. ಆದರೂ ನನ್ನನ್ನು ಫ್ರಾನ್ಸಿಗೆ ಕಳಿಸಿ ಅಂತ ದುಂಬಾಲು ಬಿದ್ದ. 1917ರ ಏಪ್ರಿಲ್‌ನಲ್ಲಿ 56ನೇ ಸ್ಕ್ವಾಡ್ರನ್ ಜೊತೆ ಮತ್ತೆ ಹೋದ. (ನಮ್ಮ ಕಲ್ಕತ್ತಾದ ಪೈಲಟ್ ಇಂದ್ರಲಾಲ್ ರಾಯ್ ಅದೇ ವರ್ಷ ಕೊನೆಗೆ ಸೇರಿದ್ದೂ ಇದೇ 56ಕ್ಕೆ. ಅವನು 19ಕ್ಕೇ ಯುದ್ಧದಲ್ಲಿ ಸತ್ತ.)

ಮೇ 7ರ ಸಂಜೆ ದೊಡ್ಡ ಕಾದಾಟ. ರೆಡ್ ಬ್ಯಾರನ್ ಅಂತ ಹೆಸರಾದ ಜರ್ಮನ್ ಪೈಲಟ್‌ನ ತಮ್ಮ ಲೋಥರ್ ಫಾನ್ ರಿಕ್ಟ್‌ಹೋಫೆನ್ ಕೂಡ ಅದರಲ್ಲಿದ್ದ. ಬಾಲ್ ಒಂದು ಕಪ್ಪು ಮೋಡದೊಳಗೆ ಹೋದ. ವಿಮಾನ ಹೊರಬಂದಾಗ ತಲೆಕೆಳಗಾಗಿ, ನೆಲಕ್ಕೆ ತೀರಾ ಹತ್ತಿರವಿತ್ತು. ಅನೋಲಾ ಎಂಬ ಹಳ್ಳಿಯ ಬಳಿ ಬಿತ್ತು. ಓಡಿಬಂದ ಫ್ರೆಂಚ್ ಯುವತಿಯೊಬ್ಬಳು ಹೊರಗೆಳೆದಳು, ಅವಳ ತೋಳಿನಲ್ಲೇ ಪ್ರಾಣ ಹೋಯಿತು. ಹೊಡೆದದ್ದು ಲೋಥರ್ ಅಂತ ಜರ್ಮನರು ಬರೆದುಕೊಂಡರು. ಅದು ನಿಜವಲ್ಲ ಅನ್ನುವವರೇ ಜಾಸ್ತಿ, ನನಗೂ ನಂಬಿಕೆಯಿಲ್ಲ. ಬಾಲ್ ಬೀಳಿಸಿದ ವಿಮಾನಗಳ ಲೆಕ್ಕ 44ಕ್ಕೆ ನಿಂತಿತು. ಜರ್ಮನರು ಸೇನಾ ಗೌರವದ ಜೊತೆ ಮಣ್ಣು ಮಾಡಿದರು. ಜೂನ್‌ನಲ್ಲಿ ಬ್ರಿಟನ್ನಿನ ಅತಿ ದೊಡ್ಡ ಶೌರ್ಯ ಪದಕ ವಿಕ್ಟೋರಿಯಾ ಕ್ರಾಸ್ ಬಂತು.

ಇಷ್ಟು ಹೇಳಿದ ಮೇಲೆ ಇನ್ನೊಂದು ಪ್ರಶ್ನೆ ಗ್ಯಾರಂಟಿ: ಬದುಕಿದ್ದರೆ ತೋಟಗಾರ ಆಗುತ್ತಿದ್ದನಾ? ಇಲ್ಲ ಅನಿಸುತ್ತದೆ. ಯುದ್ಧ ನಡೆಯುತ್ತಿರುವಾಗಲೇ ಹೊಸ ಫೈಟರ್ ವಿಮಾನ ಹೇಗಿರಬೇಕು ಅಂತ ತಲೆ ಓಡಿಸಿ, ಅದನ್ನು ಮಾಡಿಸಲು ಬೆನ್ನು ಹತ್ತಿದ್ದ. ಕಾರು ತಯಾರಿಸುವ ಆಸ್ಟಿನ್ ಕಂಪನಿ ಒಂದು ಮಾದರಿ ಕಟ್ಟಿತು, ಹೆಸರು ಆಸ್ಟಿನ್-ಬಾಲ್. ಅದು ಹಾರಿದ್ದು 1917ರ ಜುಲೈನಲ್ಲಿ, ಅವನು ಸತ್ತು ಎರಡು ತಿಂಗಳಾದ ಮೇಲೆ. ಚೆನ್ನಾಗಿಯೇ ಹಾರಿತು. ಆದರೆ ಅಷ್ಟರಲ್ಲಿ ಎಸ್‌ಇ-5ಎ ಅನ್ನುವ ಇನ್ನೊಂದು ಬ್ರಿಟಿಷ್ ಫೈಟರ್‌ನ ತಯಾರಿಕೆ ಜೋರಾಗಿ ನಡೆದಿತ್ತು, ಹಾಗಾಗಿ ಒಂದೇ ಒಂದಕ್ಕೆ ನಿಲ್ಲಿಸಿದರು. ಬದುಕಿದ್ದರೆ ಅವನು ಕಾರ್ಖಾನೆ ಇಡುತ್ತಿದ್ದ ಅಂತ ನನ್ನ ಊಹೆ. ಹಿಂದುಗಡೆ ತರಕಾರಿ ಮಡಿಗೆ ಜಾಗ ಬಿಟ್ಟುಕೊಂಡೇ.