ಚಲನ್‌ನಲ್ಲಿ ಒಂದು ವರ್ಷ ಹಿಂದೆ

ಇವತ್ತು 2025ರ ಡಿಸೆಂಬರ್ 15. ಮುಂಬೈಯ ಮಾಟುಂಗಾದ ಒಂದು ಹೋಟೆಲಿನ ಗಲ್ಲಾದ ಮೇಲೆ ಅಡ್ವಾನ್ಸ್ ಟ್ಯಾಕ್ಸ್ (ದುಡಿಯೋ ವರ್ಷದಲ್ಲೇ ಕಂತಿನಲ್ಲಿ ಕಟ್ಟೋ ಆದಾಯ ತೆರಿಗೆ) ಚಲನ್. ಪ್ಯಾನ್ ಸರಿ, ಮೊತ್ತ ಸರಿ. ಅಸೆಸ್‌ಮೆಂಟ್ ಇಯರ್, ಅಂದ್ರೆ ದುಡಿದ ವರ್ಷದ ಮುಂದಿನ ವರ್ಷ, ಅದು ಮಾತ್ರ ತಪ್ಪು: 2025-26.

ಈ ತಪ್ಪು ಬಹಳ ಜನ ಮಾಡ್ತಾರೆ. ದುಡಿಮೆ 2025-26ರದ್ದು, ಹಾಗಾಗಿ ಕೈ ಅದನ್ನೇ ಒತ್ತಿಬಿಡ್ತದೆ. ಒತ್ತಬೇಕಿದ್ದದ್ದು 2026-27. ದುಡ್ಡು ಖಜಾನೆಗೇನೋ ಸೇರ್ತದೆ, ಆದರೆ ಸರಿಯಾದ ವರ್ಷದ ತೆರಿಗೆ ಲೆಕ್ಕಪಟ್ಟಿ 26ಎಎಸ್‌ನಲ್ಲಿ ಕಾಣೋದಿಲ್ಲ. ರಿಟರ್ನ್ ಹಾಕಿದ ಮೇಲೆ ಬಡ್ಡಿ ಸಮೇತ ನೋಟಿಸ್ ಬರ್ತದೆ. ಕಟ್ಟಿದವರಿಗೇ ಹೀಗಾದ್ರೆ ಹೊಟ್ಟೆ ಉರಿಯೋದಿಲ್ವಾ?

ಸರಕಾರಕ್ಕೆ ಖರ್ಚು ವರ್ಷವಿಡೀ ಇರ್ತದೆ, ಅದಕ್ಕೇ ಈ ಕಂತು. ವರ್ಷದ ತೆರಿಗೆಯಲ್ಲಿ ಅಲ್ಲಿಯವರೆಗೆ ಒಟ್ಟು ಕಟ್ಟಿರಬೇಕಾದ್ದು: ಜೂನ್ 15ಕ್ಕೆ ಶೇ. 15, ಸೆಪ್ಟೆಂಬರ್‌ಗೆ 45, ಡಿಸೆಂಬರ್‌ಗೆ 75, ಮಾರ್ಚ್ 15ಕ್ಕೆ ಪೂರ್ತಿ. ವಹಿವಾಟಿನ ಮೇಲೆ ಅಂದಾಜು ಲಾಭ ತೋರಿಸೋ 44ಎಡಿ ಸೆಕ್ಷನ್ನಿನಲ್ಲಿರೋ ಸಣ್ಣ ವ್ಯಾಪಾರಿಗಳಿಗೆ ಮಾರ್ಚ್‌ನದ್ದೊಂದೇ. ಡಿಸೆಂಬರ್ ಕಂತು ಒಂದು ದಿನ ತಪ್ಪಿದ್ರೂ ಕಡಿಮೆ ಬಿದ್ದ ಮೊತ್ತಕ್ಕೆ ಮೂರು ತಿಂಗಳ ಬಡ್ಡಿ, ತಿಂಗಳಿಗೆ ಶೇ. 1.

ವರ್ಷ ತಪ್ಪಿದ್ರೆ ಗಾಬರಿ ಬೇಡ ಮಾರಾಯ್ರೆ. ಕಟ್ಟಿದ 7 ದಿನದೊಳಗೆ ಆದಾಯ ತೆರಿಗೆ ಇಲಾಖೆಯ ಇ-ಫೈಲಿಂಗ್ ಪೋರ್ಟಲ್‌ನ ‘ಸರ್ವೀಸಸ್’ನಲ್ಲಿ ‘ಚಲನ್ ಕರೆಕ್ಷನ್’ಗೆ ಹೋಗಿ ನೀವೇ ತಿದ್ದಬಹುದು. ಆಮೇಲಾದ್ರೆ ನಿಮ್ಮ ತೆರಿಗೆ ಲೆಕ್ಕ ನೋಡೋ ಅಸೆಸಿಂಗ್ ಆಫೀಸರ್‌ಗೆ ಅರ್ಜಿ ಕೊಡಬೇಕು. ಚಲನ್ ಈಗಲೇ ತೆಗೆದು ನೋಡಿ.