ಅಷ್ಟು ದೊಡ್ಡ ಬೈಪ್ಲೇನ್ ಹಾರಿಸೋದು ಕಷ್ಟ ಅಲ್ವಾ?

ಮೈದಾನಕ್ಕೆ ಬಂದವರು, ಮನೆಯಲ್ಲಿ ಗೋಡೆಗೆ ಒರಗಿಸಿಟ್ಟ ರೆಕ್ಕೆ ನೋಡಿದವರು, ಫೋಟೊ ನೋಡಿ ಮೆಸೇಜ್ ಮಾಡುವವರು, ಎಲ್ಲರೂ ಕೇಳುವುದು ಇದೊಂದೇ ಪ್ರಶ್ನೆ. ಇಷ್ಟು ದೊಡ್ಡ ಮಾಡೆಲ್ ವಿಮಾನ, ಅದೂ ಮೇಲೊಂದು ಕೆಳಗೊಂದು ರೆಕ್ಕೆ, ಕೈಯಲ್ಲಿ ರಿಮೋಟ್ ಹಿಡಿದು ಹಾರಿಸೋದು ತುಂಬಾ ಕಷ್ಟ ಅಲ್ವಾ? ನಿಂತ ನಿಲುವಿನಲ್ಲಿ ಹೇಳಿ ಮುಗಿಸುವ ವಿಷಯ ಅಲ್ಲ ಇದು. ಅದಕ್ಕೇ ಬರೆಯುತ್ತಿದ್ದೇನೆ.

ಹಾರಿಸುವುದು ಅಷ್ಟು ಕಷ್ಟ ಇಲ್ಲ. ಕಷ್ಟ ಎಲ್ಲ ಇರುವುದು ಜೋಡಿಸುವುದರಲ್ಲಿ. ಮನೆಯ ಟೇಬಲ್ ಮೇಲೆ ಸರಿಯಾಗಿ ಕೂರಿಸಿದ ಬೈಪ್ಲೇನ್ ಆಕಾಶದಲ್ಲಿ ತುಂಬಾ ಸಾಧು. ಟೇಬಲ್ ಮೇಲೆ ಅರ್ಧ ಡಿಗ್ರಿ ತಪ್ಪಿದ್ದರೂ ಅದು ಮೇಲೆ ಹೋದಮೇಲೆ ಕಾಡುತ್ತದೆ.

ನಾನು ಹಾರಿಸುವುದು ಡಿ ಹ್ಯಾವಿಲ್ಯಾಂಡ್ ಟೈಗರ್ ಮಾತ್, ನಿಜವಾದ ವಿಮಾನದ ಕಾಲು ಭಾಗದ ಅಳತೆಯದ್ದು. ನಿಜವಾದದ್ದು ಮೊದಲು ಹಾರಿದ್ದು 1931ರ ಅಕ್ಟೋಬರ್‌ನಲ್ಲಿ, ಇಂಗ್ಲೆಂಡಿನಲ್ಲಿ. ಎರಡನೇ ಮಹಾಯುದ್ಧದ ಕಾಲದಲ್ಲಿ ಬ್ರಿಟಿಷರ ಸಾವಿರಾರು ಪೈಲಟ್‌ಗಳು ಇದರಲ್ಲೇ ಕಲಿತರು, ನಮ್ಮ ವಾಯುಪಡೆಯವರೂ ಕಲಿತರು. ಆಮೇಲೆ ಬೆಂಗಳೂರಿನ ಹಿಂದೂಸ್ತಾನ್ ಏರ್‌ಕ್ರಾಫ್ಟ್‌ನಲ್ಲಿ ವಿ.ಎಂ. ಘಾಟ್ಗೆ ಅವರ ತಂಡ ಎಚ್‌ಟಿ-2 ತಯಾರು ಮಾಡಿತು. ಅದು 1951ರಲ್ಲಿ ಹಾರಿತು, ಮುಂದೆ ಕಲಿಕೆಯ ವಿಮಾನವಾಗಿ ಟೈಗರ್ ಮಾತ್‌ನ ಜಾಗಕ್ಕೆ ಬಂತು. ಎಚ್‌ಟಿ-2 ಬಗ್ಗೆ ನಮಗೆಲ್ಲ ಹೆಮ್ಮೆ ಇದೆ, ಇರಲೇಬೇಕು. ಆದರೆ ನನ್ನ ಮನಸ್ಸು ಮಾತ್ರ ಅದಕ್ಕಿಂತ ಹಿಂದಿನ ಈ ಬಟ್ಟೆ ಹೊದಿಸಿದ, ತಂತಿ ಬಿಗಿದ ವಿಮಾನದ ಮೇಲೇ.

ಈಗ ಅಳತೆಗೆ ಬರೋಣ. ನಿಜವಾದದ್ದರ ರೆಕ್ಕೆ ಈ ತುದಿಯಿಂದ ಆ ತುದಿಗೆ 8.94 ಮೀಟರ್. ಮಾಡೆಲ್‌ನದ್ದು ಸುಮಾರು 2.24 ಮೀಟರ್, ಅಂದರೆ ಎತ್ತರದ ಮನುಷ್ಯನಿಗಿಂತ ಉದ್ದ. ಉದ್ದ ಕಾಲು ಭಾಗ ಆದರೆ ರೆಕ್ಕೆಯ ವಿಸ್ತೀರ್ಣ 16ನೇ ಒಂದು ಭಾಗ ಆಗುತ್ತದೆ, ತೂಕ 64ನೇ ಒಂದು ಭಾಗ. ಖಾಲಿ ಟೈಗರ್ ಮಾತ್ 506 ಕೆಜಿ. ಅದನ್ನು 64ರಿಂದ ಭಾಗಿಸಿದರೆ 8 ಕೆಜಿಗೆ ಸ್ವಲ್ಪ ಕಡಿಮೆ. ಬಾಲ್ಸಾ ಅನ್ನುವ ಹಗುರ ಮರ, ಪ್ಲೈವುಡ್, ಬಟ್ಟೆ, 35 ಸಿಸಿ ಆಸುಪಾಸಿನ ಪೆಟ್ರೋಲ್ ಎಂಜಿನ್ ಎಲ್ಲ ಸೇರಿ ಒಳ್ಳೆಯ ಮಾಡೆಲ್ ಕೂಡ ಹೆಚ್ಚುಕಡಿಮೆ ಅಷ್ಟೇ ತೂಗುತ್ತದೆ. ಈ ಲೆಕ್ಕ ನೋಡಿದಾಗೆಲ್ಲ ನನಗೆ ಖುಷಿ. ರೆಕ್ಕೆಯ ಪ್ರತಿ ಚದರ ಮೀಟರ್ ಮೇಲೆ ಬೀಳುವ ಭಾರ 6 ಕೆಜಿಯೂ ಇಲ್ಲ. ಹಾಗಾಗಿ ಅದು ಗಂಟೆಗೆ 35 ಕಿ.ಮೀ. ಹತ್ತಿರದ ವೇಗದಲ್ಲೂ ಗಾಳಿಯಲ್ಲಿ ನಿಲ್ಲುತ್ತದೆ. ಅದೇ ವೇಗದಲ್ಲಿ ಹೋಗುವ ಪುಟ್ಟ ಫೋಮ್ ವಿಮಾನ ಕಣ್ಣಿಗೆ ಕಾಣಿಸುವಷ್ಟರಲ್ಲಿ ದಾಟಿ ಹೋಗಿರುತ್ತದೆ, ಸಣ್ಣ ಗಾಳಿಗೂ ಒದ್ದಾಡುತ್ತದೆ. ದೊಡ್ಡದು ತನ್ನ ಪಾಡಿಗೆ ನಿಧಾನವಾಗಿ ಸಾಗುತ್ತದೆ. ಯಾವ ಕಡೆ ವಾಲಿದೆ, ಮೂತಿ ಮೇಲಿದೆಯೋ ಕೆಳಗಿದೆಯೋ ದೂರದಿಂದಲೂ ಗೊತ್ತಾಗುತ್ತದೆ. ಯೋಚನೆ ಮಾಡೋಕೆ ಟೈಮ್ ಸಿಗುತ್ತದೆ. ಹಾರಿಸೋದು ಕಷ್ಟ ಇಲ್ಲ ಅಂದದ್ದು ಇದಕ್ಕೇ.

ಎರಡು ರೆಕ್ಕೆ ಯಾಕೆ ಅಂತ ಮಕ್ಕಳು ಕೇಳುತ್ತಾರೆ. ಮರ, ಬಟ್ಟೆ ಇದ್ದ ಕಾಲದಲ್ಲಿ ಒಂದೇ ಉದ್ದ ರೆಕ್ಕೆಯನ್ನು ಹಗುರವಾಗಿಯೂ ಗಟ್ಟಿಯಾಗಿಯೂ ಮಾಡುವುದು ಕಷ್ಟವಿತ್ತು. ಎರಡು ಗಿಡ್ಡ ರೆಕ್ಕೆ ಇಟ್ಟು, ನಡುವೆ ಕಂಬ ನಿಲ್ಲಿಸಿ, ಅಡ್ಡಡ್ಡ ತಂತಿ ಬಿಗಿದರೆ ಇಡೀ ಪೆಟ್ಟಿಗೆಯೇ ಗಟ್ಟಿಯಾಗುತ್ತದೆ. ಅಷ್ಟೇ ವಿಷಯ.

ಆದರೆ ಕೆಲಸ ಶುರುವಾಗುವುದೂ ಆ ಪೆಟ್ಟಿಗೆಯಿಂದಲೇ. ಸಾಮಾನ್ಯ ವಿಮಾನಕ್ಕೆ ಎಡಕ್ಕೊಂದು ಬಲಕ್ಕೊಂದು ರೆಕ್ಕೆ. ಇಲ್ಲಿ ನಾಲ್ಕು ತುಂಡು. ನಾಲ್ಕೂ ಗಾಳಿಗೆ ಒಡ್ಡಿಕೊಳ್ಳುವ ಕೋನ ಒಂದಕ್ಕೊಂದು ತಾಳೆಯಾಗಬೇಕು. ನಾನು ಮೊದಲು ಬಾಲದ ಅಡ್ಡ ರೆಕ್ಕೆಯನ್ನು ಸೊನ್ನೆ ಡಿಗ್ರಿಗೆ ತಂದು ಮೈಯನ್ನು ಅಲುಗಾಡದ ಹಾಗೆ ಕೂರಿಸುತ್ತೇನೆ. ಆಮೇಲೆ ಪ್ರತಿ ರೆಕ್ಕೆಯ ಬುಡದಲ್ಲಿ ಒಂದು ಸಲ, ತುದಿಯಲ್ಲಿ ಒಂದು ಸಲ ಕೋನ ಅಳೆಯುತ್ತೇನೆ. ಮರಗೆಲಸದವರು ಬಳಸುವ ಡಿಜಿಟಲ್ ಆಂಗಲ್ ಗೇಜ್ ಸಾಕು, 0.1 ಡಿಗ್ರಿವರೆಗೆ ತೋರಿಸುತ್ತದೆ. ಮೇಲಿನ ರೆಕ್ಕೆಗೂ ಕೆಳಗಿನದಕ್ಕೂ ಎಷ್ಟು ವ್ಯತ್ಯಾಸ ಇರಬೇಕು ಅನ್ನುವುದು ನಕ್ಷೆಯಲ್ಲಿರುತ್ತದೆ, ಅದನ್ನೇ ಪಾಲಿಸಿ. ಮೇಲಿನ ರೆಕ್ಕೆ ಮುಂದಿರುವ ವಿಮಾನದಲ್ಲಿ ಅದರ ಕೋನ ಕೂದಲೆಳೆಯಷ್ಟು ಜಾಸ್ತಿ ಇದ್ದರೆ ಒಳ್ಳೆಯದು. ವೇಗ ಕಡಿಮೆಯಾದಾಗ ಅದೇ ಮೊದಲು ಸ್ಟಾಲ್ ಆಗುತ್ತದೆ, ಅಂದರೆ ಎತ್ತುವ ಶಕ್ತಿ ಕಳೆದುಕೊಳ್ಳುತ್ತದೆ, ಮೂತಿ ತಾನಾಗಿ ಕೆಳಗೆ ಬಾಗಿ ಮತ್ತೆ ವೇಗ ಸಿಗುತ್ತದೆ.

ಇದಕ್ಕಿಂತ ಮುಖ್ಯವಾದದ್ದು ಎಡ ಬಲದ ತಾಳೆ. ಎಡಗಡೆಯ ರೆಕ್ಕೆ ಬಲಗಡೆಯದ್ದಕ್ಕಿಂತ ಅರ್ಧ ಡಿಗ್ರಿ ಜಾಸ್ತಿ ಇದೆ ಅಂದುಕೊಳ್ಳಿ. ವಿಮಾನ ಬಲಕ್ಕೆ ವಾಲುತ್ತದೆ. ರಿಮೋಟ್‌ನಲ್ಲಿ ಸಣ್ಣ ತಿದ್ದುಪಡಿಗೆ ಇರುವ ಟ್ರಿಮ್ ಗುಂಡಿ ಒತ್ತಿ ಸರಿಮಾಡಿದರಾಯಿತಲ್ಲ ಅನ್ನುತ್ತಾರೆ. ಟ್ರಿಮ್ ಸರಿ ಮಾಡುವುದು ಒಂದು ವೇಗಕ್ಕೆ ಮಾತ್ರ. ಇಳಿಸಲು ನಿಧಾನ ಮಾಡಿದಾಗ, ನೆಲ ಹತ್ತಿರ ಇರುವಾಗ, ಆ ವಾಲುವಿಕೆ ಬೇರೆ ಥರ ಆಗಿ ಎದುರಿಗೆ ಬರುತ್ತದೆ. ಹಾಗಾಗಿ ಟೇಬಲ್ ಮೇಲೆ ಒಂದು ಸಂಜೆ ಪೂರ್ತಿ ಇದಕ್ಕೇ ಹೋದರೂ ಪರವಾಗಿಲ್ಲ.

ತಂತಿಗಳ ಬಗ್ಗೆಯೂ ಹೇಳಬೇಕು. ಕಂಪನಿಯಿಂದ ಬರುವ ಎಷ್ಟೋ ಮಾಡೆಲ್‌ಗಳಲ್ಲಿ ತಂತಿ ಬರೀ ಅಲಂಕಾರ. ಈ ಗಾತ್ರದಲ್ಲಿ ನನಗೆ ನಿಜವಾಗಿ ಕೆಲಸ ಮಾಡುವ ತಂತಿಯೇ ಬೇಕು. ಎರಡು ಜಾತಿ ಇವೆ. ಫ್ಲೈಯಿಂಗ್ ವೈರ್ ಮೈಯ ಕೆಳಗಿನಿಂದ ಹೊರಟು ಮೇಲಿನ ರೆಕ್ಕೆಯ ಕಂಬದ ತಲೆಗೆ ಹೋಗುತ್ತದೆ. ಹಾರುವಾಗ ರೆಕ್ಕೆ ಮೇಲಕ್ಕೆ ಮಡಚಿಕೊಳ್ಳದ ಹಾಗೆ ಹಿಡಿಯುವುದು ಇದು. ಲ್ಯಾಂಡಿಂಗ್ ವೈರ್ ಮೇಲಿನಿಂದ ಹೊರಟು ಕಂಬದ ಬುಡಕ್ಕೆ ಬರುತ್ತದೆ, ನೆಲದ ಮೇಲೆ ರೆಕ್ಕೆಯ ಭಾರ ಹೊರುತ್ತದೆ. ಮೊದಲು ಲ್ಯಾಂಡಿಂಗ್ ವೈರ್‌ನಲ್ಲಿ ರೆಕ್ಕೆಯ ಎತ್ತರ ಸರಿಮಾಡಿ, ಆಮೇಲೆ ಫ್ಲೈಯಿಂಗ್ ವೈರ್ ಬಿಗಿ ಮಾಡಬೇಕು. ಬಿಗಿ ಅಂದರೆ ಸಡಿಲ ಇರದಷ್ಟು, ಸಾಕು. ಜಾಸ್ತಿ ಎಳೆದರೆ ಅಷ್ಟು ಹೊತ್ತು ಅಳೆದು ಕೂರಿಸಿದ ರೆಕ್ಕೆಯೇ ತಿರುಚಿಕೊಳ್ಳುತ್ತದೆ. ಅದಕ್ಕೇ ತಂತಿ ಬಿಗಿದ ಮೇಲೆ ಇನ್ನೊಂದು ಸಲ ಗೇಜ್ ಇಟ್ಟು ನೋಡಬೇಕು. ನಾನು ಪ್ರತಿ ತಂತಿಗೂ ಅದು ಕೂರುವ ಜಾಗಕ್ಕೂ ಒಂದೇ ಬಣ್ಣದ ಚುಕ್ಕೆ ಇಡುತ್ತೇನೆ. ಒಂದು ಕಡೆಯ ಎರಡೂ ರೆಕ್ಕೆಗಳನ್ನು ಕಂಬ ಬಿಚ್ಚದೆ ಜೋಡಿಯಾಗಿಯೇ ಕಾರಿನಲ್ಲಿ ಒಯ್ಯುತ್ತೇನೆ. ಹೀಗೆ ಮಾಡಿದರೆ ಮೈದಾನದಲ್ಲಿ ಅರ್ಧ ಗಂಟೆಯಲ್ಲಿ ವಿಮಾನ ರೆಡಿ.

ಮುಂದಿನದು ತೂಕದ ಮಧ್ಯಬಿಂದು, ನಾವೆಲ್ಲ ಸಿಜಿ ಅಂತಲೇ ಅನ್ನುವುದು. ಟೈಗರ್ ಮಾತ್‌ನ ಮೂತಿ ಗಿಡ್ಡ, ಬಾಲ ಉದ್ದ. ಬಾಲದಲ್ಲಿ ಒಂದು ಗ್ರಾಂ ಹೆಚ್ಚಾದರೆ ಮೂತಿಯಲ್ಲಿ ಎರಡು ಮೂರು ಗ್ರಾಂ ಸೀಸ ಇಡಬೇಕು. ಆದ್ದರಿಂದ ಕಟ್ಟುವಾಗಲೇ ಬಾಲಕ್ಕೆ ಹಗುರವಾದ ಮರ ಹುಡುಕಿ ಹಾಕಬೇಕು, ಬಣ್ಣ ಕೂಡ ಅಲ್ಲಿ ತೆಳುವಾಗಿರಲಿ. ಬ್ಯಾಟರಿಗಳನ್ನು ಎಂಜಿನ್ ಪಕ್ಕದ ತನಕ ಮುಂದಕ್ಕೆ ತಳ್ಳಬೇಕು. ಇಷ್ಟೆಲ್ಲ ಮಾಡಿದರೂ ಸೀಸ ಬೇಕಾಗುತ್ತದೆ. ಹಾಕಿ, ಜಿಪುಣತನ ಬೇಡ. ಎರಡು ರೆಕ್ಕೆ ಹಿಂದೆ ಮುಂದೆ ಇರುವುದರಿಂದ ಒಂದೇ ರೆಕ್ಕೆಯ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಎರಡರ ಸರಾಸರಿ ರೆಕ್ಕೆ ಎಲ್ಲಿ ಬರುತ್ತದೆ ಅಂತ ಮೊದಲು ಗುರುತು ಹಾಕಿ, ಅದರ ಮುಂದಿನ ಅಂಚಿನಿಂದ ಅಗಲದ ಕಾಲು ಭಾಗದ ಹತ್ತಿರ ಸಿಜಿ ಇಟ್ಟು ಶುರುಮಾಡುವುದು ಕ್ಷೇಮ. ಬೆರಳ ಮೇಲೆ ನಿಲ್ಲಿಸಿ ನೋಡುವ ತೂಕ ಅಲ್ಲ ಇದು. ಟ್ಯಾಂಕ್ ಖಾಲಿ ಮಾಡಿ, ಮೇಲಿನ ರೆಕ್ಕೆಯ ನಡುಭಾಗದ ಕಂಬಗಳಿಗೆ ಹಗ್ಗ ಕಟ್ಟಿ ತೂಗುಹಾಕಿ. ಮೂತಿ ಕೂದಲಷ್ಟು ಕೆಳಗೆ ಬಾಗಿ ನಿಂತರೆ ಸರಿ.

ಏಲೆರಾನ್, ಅಂದರೆ ವಿಮಾನ ವಾಲಿಸಲು ರೆಕ್ಕೆಯ ಹಿಂದಿನ ಅಂಚಿನಲ್ಲಿ ಮೇಲೆ ಕೆಳಗೆ ಆಡುವ ಪಟ್ಟಿ. ಅದರ ವಿಷಯ ಟೈಗರ್ ಮಾತ್‌ನಲ್ಲಿ ಸ್ವಲ್ಪ ವಿಶೇಷ. ಅವು ಇರುವುದು ಕೆಳಗಿನ ರೆಕ್ಕೆಯಲ್ಲಿ ಮಾತ್ರ. ಬಲಕ್ಕೆ ತಿರುಗಿಸಬೇಕು ಅಂತ ರಿಮೋಟ್‌ನ ಕಡ್ಡಿ ಒತ್ತಿದರೆ ಎಡಗಡೆಯ ಏಲೆರಾನ್ ಕೆಳಗೆ ಹೋಗುತ್ತದೆ, ಆ ರೆಕ್ಕೆ ಏಳುತ್ತದೆ, ಆದರೆ ಗಾಳಿಯ ಎಳೆತವೂ ಆ ಕಡೆಯೇ ಜಾಸ್ತಿಯಾಗಿ ಮೂತಿ ಎಡಕ್ಕೆ ಹೊರಳುತ್ತದೆ. ಅಂದರೆ ವಿಮಾನ ಬಲಕ್ಕೆ ವಾಲಿ ಎಡಕ್ಕೆ ಮುಖ ಮಾಡುತ್ತದೆ. ಇದನ್ನು ತಡೆಯಲೆಂದೇ ನಿಜವಾದ ವಿಮಾನದಲ್ಲಿ ಕೆಳಗೆ ಹೋಗುವ ಏಲೆರಾನ್ ಹೆಚ್ಚೇನೂ ಅಲುಗದ ಹಾಗೆ ಮಾಡಿದ್ದರು. ಮಾಡೆಲ್‌ನಲ್ಲಿ ಎರಡು ಸರ್ವೋ (ಪುಟ್ಟ ಮೋಟರ್) ಹಾಕಿ ಟ್ರಾನ್ಸ್‌ಮಿಟರ್‌ನಲ್ಲೇ, ಅಂದರೆ ಕೈಯ ರಿಮೋಟ್‌ನಲ್ಲೇ, ಇದನ್ನು ಮಾಡಬಹುದು. ಮೇಲೆ 25 ಮಿ.ಮೀ. ಹೋದರೆ ಕೆಳಗೆ 8 ಮಿ.ಮೀ. ಸಾಕು. ಆದರೂ ರಡ್ಡರ್, ಅಂದರೆ ಮೂತಿಯನ್ನು ಎಡಬಲಕ್ಕೆ ತಿರುಗಿಸುವ ಬಾಲದ ಪಟ್ಟಿ, ಬೇಕೇ ಬೇಕು. ರಡ್ಡರ್ ಆಡಿಸುವ ಎಡಗೈ ಹೆಬ್ಬೆರಳನ್ನು ಮರೆತು ಹಾರಿಸುವ ಅಭ್ಯಾಸ ಇದ್ದವರಿಗೆ ಈ ವಿಮಾನ ಹೊಸ ಪಾಠ. ತಿರುವಿಗೆ ಮೊದಲು ರಡ್ಡರ್, ಜೊತೆಗೆ ಸ್ವಲ್ಪ ಏಲೆರಾನ್. ಎರಡನ್ನೂ ಟ್ರಾನ್ಸ್‌ಮಿಟರ್‌ನಲ್ಲಿ ಮಿಕ್ಸ್ ಮಾಡಿಬಿಡಬಹುದು, ಎಷ್ಟೋ ಜನ ಮಾಡುತ್ತಾರೆ. ಬೆರಳಿನಿಂದಲೇ ಕಲಿತರೆ ಅಡ್ಡ ಗಾಳಿಯಲ್ಲಿ ಇಳಿಸುವಾಗ ಅದೇ ಕೈ ಹಿಡಿಯುತ್ತದೆ ಅನ್ನುವುದು ನನ್ನ ಅಭಿಪ್ರಾಯ.

ನಮ್ಮ ಊರಿನ ಗಾಳಿಯ ಮಾತನ್ನು ಯಾರೂ ಕೇಳುವುದಿಲ್ಲ, ಆದರೆ ಹೇಳಲೇಬೇಕು. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿದೆ. ಅಷ್ಟಕ್ಕೇ ಗಾಳಿ ಶೇ 8-9ರಷ್ಟು ತೆಳುವಾಗುತ್ತದೆ. ಏಪ್ರಿಲ್ ಮಧ್ಯಾಹ್ನದ 32 ಡಿಗ್ರಿ ಬಿಸಿಲಿನಲ್ಲಿ ಆ ಕೊರತೆ ಶೇ 15ರ ಹತ್ತಿರ ಹೋಗುತ್ತದೆ. ರೆಕ್ಕೆಗೂ ಗಾಳಿ ಕಡಿಮೆ, ಎಂಜಿನ್‌ಗೂ ಕಡಿಮೆ, ಪ್ರೊಪೆಲ್ಲರ್‌ಗೂ ಕಡಿಮೆ. ಹಾಗಾಗಿ ಮಂಗಳೂರಿನಲ್ಲಿ ಚೆನ್ನಾಗಿ ಏರುತ್ತಿದ್ದ ವಿಮಾನ ಇಲ್ಲಿ ಸೋಮಾರಿ ಅನ್ನಿಸುತ್ತದೆ, ಇಳಿಯುವಾಗ ನೆಲದ ಮೇಲಿನ ವೇಗವೂ ಸ್ವಲ್ಪ ಜಾಸ್ತಿ. ಕರಾವಳಿಯಲ್ಲಿ ಟ್ಯೂನ್ ಮಾಡಿದ ಕಾರ್ಬ್ಯುರೇಟರ್ ಇಲ್ಲಿ ಪೆಟ್ರೋಲ್ ಜಾಸ್ತಿ ಕುಡಿಸುತ್ತದೆ, ಪೆಟ್ರೋಲ್ ಹರಿವು ಹಿಡಿಯುವ ಸೂಜಿಯನ್ನು ಸ್ವಲ್ಪ ಮುಚ್ಚಬೇಕು. ನಾನು ಕೋಲಾರದ ಕಡೆ ಒಣಗಿದ ಕೆರೆಯಂಗಳದಲ್ಲಿ ಬೆಳಿಗ್ಗೆಯೇ ಹಾರಿಸುವುದು ಇದಕ್ಕೂ ಹೌದು, ಗಾಳಿ ಏಳುವ ಮುಂಚೆ ಮುಗಿಸಲಿಕ್ಕೂ ಹೌದು. ಜೂನ್‌ನಿಂದ ಮುಂದೆ ಮುಂಗಾರಿನ ಗಾಳಿ ಬೀಸಲು ಶುರುವಾದರೆ ಬೈಪ್ಲೇನ್ ಮನೆಯಲ್ಲೇ ಇರಲಿ.

ಹೊರಡುವ ಮುಂಚೆ ಡಿಜಿಟಲ್ ಸ್ಕೈ ಮ್ಯಾಪ್‌ನಲ್ಲಿ, ಅಂದರೆ ಎಲ್ಲಿ ಹಾರಿಸಬಹುದು ಅಂತ ತೋರಿಸುವ ಸರ್ಕಾರದ ನಕ್ಷೆಯಲ್ಲಿ, ಜಾಗ ಯಾವ ಬಣ್ಣದಲ್ಲಿದೆ ನೋಡಿಕೊಳ್ಳಿ. 2021ರ ಡ್ರೋನ್ ನಿಯಮಗಳಲ್ಲಿ 25 ಕೆಜಿವರೆಗಿನ, ಹವ್ಯಾಸಕ್ಕೆ ಅಥವಾ ಕಲಿಕೆಗೆ ಕಣ್ಣಳತೆಯಲ್ಲೇ ಹಾರಿಸುವ ಮಾಡೆಲ್‌ಗಳು ಬೇರೆಯೇ ವರ್ಗ. ಆದರೆ ಕೆಂಪು, ಹಳದಿ ವಲಯದ ಕಟ್ಟುಪಾಡು ಅವಕ್ಕೂ ಉಂಟು. ಎಚ್‌ಎಎಲ್, ಯಲಹಂಕ, ಜಕ್ಕೂರು, ದೇವನಹಳ್ಳಿ ಅಂತ ಇಷ್ಟೊಂದು ವಿಮಾನ ನಿಲ್ದಾಣ ಇರುವ ಬೆಂಗಳೂರಿನಲ್ಲಿ ಕಂಡ ಖಾಲಿ ಸೈಟಿನಲ್ಲೆಲ್ಲ ಹಾರಿಸುವಂತಿಲ್ಲ.

ಮೈದಾನದಲ್ಲಿ ಮೊದಲ ಕೆಲಸ ರೇಂಜ್ ಚೆಕ್ (ರಿಮೋಟ್ ಸಿಗ್ನಲ್ ದೂರಕ್ಕೂ ತಲುಪುತ್ತದೆಯೇ ಅಂತ ನೋಡುವುದು), ಎಂಜಿನ್ ನಿಂತಿದ್ದಾಗ ಒಂದು ಸಲ, ಓಡುವಾಗ ಒಂದು ಸಲ. ರೇಡಿಯೊಗೆ ಒಂದು ಬ್ಯಾಟರಿ, ಇಗ್ನಿಷನ್‌ಗೆ ಬೇರೆ. ಟ್ರಾನ್ಸ್‌ಮಿಟರ್‌ನಿಂದಲೇ ಇಗ್ನಿಷನ್ ಆರಿಸುವ ಸ್ವಿಚ್ ಇರಲೇಬೇಕು. ಸಿಗ್ನಲ್ ಹೋದರೆ ಎಂಜಿನ್ ತಾನಾಗಿ ಆರುವ ಹಾಗೆ ಫೇಲ್‌ಸೇಫ್ ಇಟ್ಟು, ಟ್ರಾನ್ಸ್‌ಮಿಟರ್ ಆಫ್ ಮಾಡಿ ಪರೀಕ್ಷೆ ಮಾಡಿ. ಅರ್ಧ ಮೀಟರ್ ಉದ್ದದ ಪ್ರೊಪೆಲ್ಲರ್ ಅದು, ಬೆರಳನ್ನು ಕ್ಷಣದಲ್ಲಿ ತೆಗೆದುಬಿಡುತ್ತದೆ. ಒಬ್ಬರೇ ಹೋಗಿ ಎಂಜಿನ್ ಶುರುಮಾಡಬೇಡಿ, ಹಿಂದೆ ಹಿಡಿದುಕೊಳ್ಳಲು ಜೊತೆಗೊಬ್ಬರು ಇರಲಿ.

ಏರಿಸುವುದು ಸುಲಭ. ಗಾಳಿಗೆ ನೇರವಾಗಿ ಮುಖ ಮಾಡಿ ನಿಲ್ಲಿಸಿ, ಎಲಿವೇಟರ್ (ಮೂತಿ ಮೇಲೆ ಕೆಳಗೆ ಮಾಡುವ ಬಾಲದ ಪಟ್ಟಿ) ಕಡ್ಡಿಯನ್ನು ಹಿಂದಕ್ಕೆ ಹಿಡಿದು, ಥ್ರಾಟಲ್ (ಎಂಜಿನ್ ವೇಗ) ನಿಧಾನವಾಗಿ ಕೊಡಿ. ಮಾಡೆಲ್ ಎಡಕ್ಕೆ ಎಳೆಯುತ್ತದೆ, ಬಲ ರಡ್ಡರ್ ಬೇಕು. ನಿಜವಾದ ಟೈಗರ್ ಮಾತ್‌ನ ಜಿಪ್ಸಿ ಮೇಜರ್ ಎಂಜಿನ್ ಉಲ್ಟಾ ತಿರುಗುತ್ತದೆ, ಹಾಗಾಗಿ ಅದು ಬಲಕ್ಕೆ ಎಳೆಯುತ್ತದೆ. ಬಾಲ ಏಳಲು ಶುರುವಾದಾಗ ಎಲಿವೇಟರ್ ಸಡಿಲಿಸಿ. ಆಮೇಲೆ ಸುಮ್ನೆ ಕಾಯಿರಿ, ತಾನೇ ನೆಲ ಬಿಡುತ್ತದೆ. ಮೇಲೆ ಹೋದ ಮೇಲೆ ಥ್ರಾಟಲ್ ಅರ್ಧಕ್ಕೆ ತನ್ನಿ. ನಿಜವಾದದ್ದರ ವೇಗವೂ ಹೆಚ್ಚೇನಿರಲಿಲ್ಲ. ಕಾಲು ಅಳತೆಯದ್ದು ಅದರ ಅರ್ಧ ವೇಗದಲ್ಲಿ ಹೋದಾಗ ಕಣ್ಣಿಗೆ ನಿಜವಾದ ವಿಮಾನದ ಹಾಗೇ ಕಾಣುತ್ತದೆ. ಪೂರ್ತಿ ಥ್ರಾಟಲ್ ಕೊಟ್ಟು ಓಡಿಸುವುದು ಈ ವಿಮಾನಕ್ಕೆ ಒಪ್ಪುವುದಿಲ್ಲ.

ಇಳಿಸುವಾಗ ಒಂದೇ ಮಾತು ನೆನಪಿಡಿ: ಥ್ರಾಟಲ್ ಪೂರ್ತಿ ಮುಚ್ಚಬೇಡಿ. ಎರಡು ರೆಕ್ಕೆ, ಕಂಬ, ತಂತಿ, ಚಕ್ರ ಎಲ್ಲ ಸೇರಿ ಗಾಳಿಯನ್ನು ತಡೆಯುತ್ತವೆ. ಒಂಟಿ ರೆಕ್ಕೆಯ ವಿಮಾನದ ಹಾಗೆ ಇದು ತೇಲಿಕೊಂಡು ಬರುವುದಿಲ್ಲ. ಎಂಜಿನ್ ಇಳಿಸಿದ ತಕ್ಷಣ ವೇಗ ಸತ್ತುಹೋಗುತ್ತದೆ. ಕಾಲು ಭಾಗ ಥ್ರಾಟಲ್ ಇಟ್ಟುಕೊಂಡೇ ಬನ್ನಿ, ಚಕ್ರ ನೆಲಕ್ಕೆ ಒಂದಡಿ ಇರುವಾಗ ನಿಧಾನವಾಗಿ ಮುಚ್ಚಿ. ಮೇಲಿರುವಾಗ ಎಂಜಿನ್ ಆರಿಹೋದರೆ ತಕ್ಷಣ ಮೂತಿ ಕೆಳಗೆ ಮಾಡಿ, ನೀವು ಅಂದುಕೊಂಡದ್ದಕ್ಕಿಂತ ಕಡಿದಾಗಿ. ರನ್‌ವೇಗೆ ತಲುಪಿಸಲೇಬೇಕು ಅಂತ ಎಲಿವೇಟರ್ ಎಳೆಯುತ್ತಾ ಹೋದರೆ ಅದು ಸ್ಟಾಲ್ ಆಗಿ ರೆಕ್ಕೆ ಕೆಳಗಾಗಿ ಬೀಳುತ್ತದೆ. ಹೊಲದಲ್ಲಿ ನೇರವಾಗಿ ಇಳಿದರೆ ಚಕ್ರದ ಕಾಲು ಮುರಿಯಬಹುದು, ಅದನ್ನು ಒಂದು ವಾರದಲ್ಲಿ ರಿಪೇರಿ ಮಾಡಬಹುದು.

ನಾನೂ ಒಂದು ಕಟ್ಟಬೇಕು ಅನ್ನುವವರಿಗೆ ನಾನು ಹೇಳುವುದು, ಮೊದಲು ಬಾಲದಲ್ಲಿ ಚಕ್ರ ಇರುವ ಒಂಟಿ ರೆಕ್ಕೆಯ ವಿಮಾನವನ್ನು ರಡ್ಡರ್ ಬಳಸಿ ಒಂದು ಸೀಸನ್ ಹಾರಿಸಿ. ಆ ಹೊತ್ತಿಗೆ ಆಂಗಲ್ ಗೇಜ್ ಒಂದು ತೆಗೆದಿಟ್ಟುಕೊಳ್ಳಿ, ರೆಕ್ಕೆ ಜೋಡಿಸುವ ದಿನ ಕರೆದರೆ ನಾನೂ ಬರುತ್ತೇನೆ.