ಹೊಕ್ಕುಳ ಪಕ್ಕದ ಗಂಟು

ಏಪ್ರಿಲ್ 18, 2024, ಗುರುವಾರ
ರಾಯಚೂರು

"ರೊಟ್ಟಿ ಒಂದೂ ಹೆಚ್ಚಿಗಿ ತಿಂದಿಲ್ರಿ. ಡೋಸೂ ಅದೇ. ಮತ್ತ 380 ಹ್ಯಾಂಗ ಬಂತ್ರಿ?"

ದಿನವೂ ಇನ್ಸುಲಿನ್ ಚುಚ್ಚಿಸಿಕೊಳ್ಳುವ ಸಕ್ಕರೆ ಕಾಯಿಲೆಯ ಹುಡುಗನ ತಾಯಿ, ಅವನ ರಕ್ತದ ಸಕ್ಕರೆ ಕಂಡು ಕೇಳಿದ್ದು ರಾತ್ರಿಯಾದರೂ ತಲೆಯಿಂದ ಹೋಗುತ್ತಿಲ್ಲ.

ಕೀಟೋನ್ ಪಟ್ಟಿಯ (ಇನ್ಸುಲಿನ್ ಸಾಲದೆ ಮೈಯಲ್ಲಿ ಆಮ್ಲ ಸೇರುತ್ತಿದೆಯೇ ಅಂತ ಮೂತ್ರದಲ್ಲಿ ನೋಡುವುದು) ಬಣ್ಣ ಬದಲಾಗಿರಲಿಲ್ಲ, ಸದ್ಯ. ಇನ್ಸುಲಿನ್ ವಯಲು (ಸಣ್ಣ ಸೀಸೆ) ತೆರೆದು 15 ದಿನ; 28 ದಿನದವರೆಗೆ ನಡೆಯುತ್ತದೆ. ಈ ಬಿಸಿಲಲ್ಲಿ ಫ್ರಿಜ್ ಇಲ್ಲದ ಮನೆ, ಅದಕ್ಕೇ ಮೊದಲ ಅನುಮಾನ ಅಲ್ಲಿಗೇ ಹೋಯಿತು. ಆದರೆ ಆಕೆ ಇಟ್ಟಿದ್ದು ಚೊಕ್ಕವಾಗಿ: ದೊಡ್ಡ ಮಡಕೆಯೊಳಗೆ ಸಣ್ಣದು, ನಡುವೆ ಒದ್ದೆ ಮರಳು, ಮೇಲೆ ತೋಯಿಸಿದ ಬಟ್ಟೆ, ವಯಲು ಮುಚ್ಚಳದ ಡಬ್ಬಿಯಲ್ಲಿ. ಫ್ರಿಜ್ ಇದ್ದವರು ಫ್ರೀಜರಿಗೆ ತಾಗಿಸಿಟ್ಟು ಕೆಡಿಸುತ್ತಾರೆ. ಒಮ್ಮೆ ಹೆಪ್ಪುಗಟ್ಟಿದ ಇನ್ಸುಲಿನ್ ಕರಗಿದ ಮೇಲೂ ಚರಂಡಿಗೇ.

ಸಿರಿಂಜು ಕೆಂಪು ಟೋಪಿಯ 40ರದ್ದು (ಒಂದು ಎಂ.ಎಲ್.ಗೆ 40 ಯೂನಿಟ್ ಇನ್ಸುಲಿನ್), ವಯಲೂ 40. ಸರಿಯಿದೆ. (ಇನ್ಸುಲಿನ್ ಪೆನ್ನಿನ ಕಾರ್ಟ್ರಿಜ್ 100ರದ್ದು. ಅದರಿಂದ ಈ ಸಿರಿಂಜಿಗೆ ಎಳೆದರೆ ಅದೇ ಗೆರೆಗೆ ಎರಡೂವರೆ ಪಟ್ಟು ಒಳಗೆ ಹೋಗುತ್ತದೆ.)

ಅಂಗಿ ಎತ್ತಿಸಿದ್ದು ಕೊನೆಗೆ. ಮೊದಲೇ ಎತ್ತಿಸಬೇಕಿತ್ತು. ಹೊಕ್ಕುಳ ಬಲಕ್ಕೆ ನಿಂಬೆಹಣ್ಣಿನಷ್ಟು ಉಬ್ಬು, ಒತ್ತಿದರೆ ರಬ್ಬರು.

"ಅಲ್ಲಿ ಚುಚ್ಚಿದ್ರ ನೋಯಂಗಿಲ್ರಿ" ಅಂದ.

ನೋಯದೇ ಇರುವುದೇ ಮೋಸ. ದಿನವೂ ಅದೇ ಜಾಗಕ್ಕೆ ಇನ್ಸುಲಿನ್ ಬಿದ್ದು ಕೊಬ್ಬು ಗಂಟುಕಟ್ಟಿದೆ. ಅಲ್ಲಿ ಹಾಕಿದ್ದು ಒಂದು ದಿನ ರಕ್ತಕ್ಕೆ ಸೇರುತ್ತದೆ, ಇನ್ನೊಂದು ದಿನ ಅಲ್ಲೇ ಕೂತುಬಿಡುತ್ತದೆ. ಸಕ್ಕರೆ ಬರೆದಿಡುವ ಪುಸ್ತಕದಲ್ಲಿ 380ರ ಹಿಂದಿನ ದಿನ 62 ಇತ್ತು. ಇಂಥ ಹೊತ್ತಲ್ಲಿ ಡೋಸ್ ಏರಿಸುತ್ತಾ ಹೋಗುವುದು ಸುಲಭ, ತಪ್ಪೂ ಅದೇ.

ಹೊಟ್ಟೆಯ ಮೇಲೆ ಪೆನ್ನಿನಿಂದ ನಾಲ್ಕು ಭಾಗ ಬರೆದು ತೋರಿಸಿದ್ದಾಯಿತು. ಗಂಟಿರುವ ಭಾಗಕ್ಕೆ ಸದ್ಯ ರಜೆ; ಉಳಿದವು ವಾರಕ್ಕೊಂದರಂತೆ, ಚುಚ್ಚಿನಿಂದ ಚುಚ್ಚಿಗೆ ಒಂದು ಬೆರಳಗಲ. ಆದರೆ ಹೊಸ ಜಾಗ ಪೂರ್ತಿ ಹೀರುತ್ತದೆ, ಹಳೆಯ ಡೋಸೇ ಹಾಕಿದರೆ ಸಕ್ಕರೆ ಕುಸಿಯುತ್ತದೆ. ಡಾಕ್ಟರು ಇಳಿಸಿ ಬರೆದುಕೊಟ್ಟರು. ಕೆಲವು ದಿನ ರಾತ್ರಿ 3ಕ್ಕೂ ಬೆರಳು ಚುಚ್ಚಿ ನೋಡಬೇಕು. 70ರ ಕೆಳಗಿದ್ದರೆ 3 ಟೀ ಚಮಚೆ ಸಕ್ಕರೆ ನೀರಲ್ಲಿ ಕದಡಿ ಕುಡಿಸಿ, 15 ನಿಮಿಷಕ್ಕೆ ಮತ್ತೆ ಪರೀಕ್ಷೆ. ಚಾಕೊಲೇಟ್ ಬೇಡ, ಅದರ ಜಿಡ್ಡು ಸಕ್ಕರೆಯನ್ನು ನಿಧಾನ ಮಾಡುತ್ತದೆ. ಎಚ್ಚರ ತಪ್ಪಿದ್ದರೆ ಬಾಯಿಗೆ ಏನೂ ಹಾಕದೆ ಆಸ್ಪತ್ರೆಗೆ.

"ಒಂದು ಸಿರಿಂಜು ವಾರ ಬರ್ತದ್ರಿ" ಅಂತ ಹೊರಡುವಾಗ ಹೆಮ್ಮೆಯಿಂದ ಹೇಳಿದಳು. ಮೊಂಡು ಸೂಜಿಯೂ ಗಂಟಿಗೆ ಕಾರಣ ಅಂತ ಹೇಳಿದ್ದು ಕೇಳಿಸಿತೋ ಇಲ್ಲವೋ.

ಗ್ಲುಕೋಮೀಟರಿನ ಪಟ್ಟಿ ಎಷ್ಟು ಉಳಿದಿವೆ ಅಂತ ಕೇಳಲೇ ಇಲ್ಲ. ದಿನಕ್ಕೆ 4, ಜತೆಗೆ ಈ 3 ಗಂಟೆಯದು. 25ರ ಡಬ್ಬಿ ಅಂದರೆ ಐದೇ ದಿನ, ಆಮೇಲೆ